ಬಾಲದ ಕೆಂಪು ಗುರುತು

ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ವೈರಸ್, ಇಲಿಮರಿ ಅಂತ ಪ್ರೇಮಕಥೆ ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ.

"ಕೆಂಪು ಗುರುತಿನ ಮರಿಗಳನ್ನ ನೋಡಿಕೊಳ್ಳೋದು ಯಾರು?"

ರಾಮನಗರದ ಒಂದು ಪ್ರಯೋಗಾಲಯದಲ್ಲಿ ವಿಜ್ಞಾನಿ ಮಹೇಂದ್ರ ಇಲಿಕೋಣೆಗೆ ಬಂದದ್ದು ಅದೇ ಮೊದಲು. ಮಾಸ್ಕಿನ ಮೇಲೆ ಎರಡು ಕಣ್ಣು ಹೊಳೆಯುತ್ತಿದ್ದವು.

ಇಲಿಗಳನ್ನು ನೋಡಿಕೊಳ್ಳುವ ರಾಧಾಮಣಿ ಅವನ ಕೋಟಿನ ಮೇಲಿನ ಹೆಸರು ಓದಿ ಎದ್ದು ನಿಂತಳು. ಮೂರು ತಿಂಗಳಿಂದ ಅವಳು ಕಂಡಿದ್ದು ಅವನ ಸಹಿ ಮಾತ್ರ. ದಿನವೂ ಮರಿಗಳ ಬಗ್ಗೆ ಪುಸ್ತಕದಲ್ಲಿ ಇವಳು ಬರೆಯುತ್ತಿದ್ದಳು, ಕೆಳಗೆ ಅವನು ಸಹಿ ಹಾಕುತ್ತಿದ್ದ.

'ನನ್ನ ಪ್ರತಿ ಸಾಲನ್ನೂ ಒಬ್ಬರು ಓದುತ್ತಾರೆ...' ಆ ಸಹಿಯನ್ನೇ ಪ್ರೀತಿಸಿಬಿಟ್ಟಿದ್ದಳು!

"ನಾನೇ ಸಾರ್."

"ವೈರಸ್ ಕೊಟ್ಟು ಎರಡೇ ದಿನ. ಹೊಟ್ಟೆಯಿಂದ ಹೃದಯ ದಾಟಿ ಆಗಲೇ ಮಿದುಳಿಗೆ ಹೋಗಿದೆ! ಮುಂಚೆಯೇ ಕೊಟ್ಟಿದ್ದ ನೀಲಿ ಗುರುತಿನ ಮರಿಗಳಲ್ಲಿ ಐದು ದಿನ ಬೇಕಾಯ್ತು. ಇವತ್ತೇ ವರದಿ ಕಳಿಸ್ತೀನಿ."

ಅವಳು ಪುಸ್ತಕದತ್ತ ನೋಡಿದಳು. 'ಮರೆತುಬಿಟ್ಟರಾ? ನೆನಪಿಸಿದರೆ ಕೆಲಸ ಹೋಗುತ್ತೆ... ಹೇಳದಿದ್ದರೆ ಇವರ ವರದಿಯೇ ಸುಳ್ಳಾದರೆ?'

"ಕಳಿಸಬ್ಯಾಡಿ ಸಾರ್! ನೆನ್ನೆ ತಾಯಿ ಇಲಿ ನೆಕ್ಕಿ ಎರಡು ಮರಿ ಬಾಲದ ಇಂಕು ಅಳಿಸ್ಬುಟ್ಟಿತ್ತು. ನೆನಪಿನ ಮೇಲೆ ನಾನೇ ಮತ್ತೆ ಹಾಕ್ದೆ. ಕೆಂಪ್ಯಾವುದು, ನೀಲಿ ಯಾವುದು ಅಂತ ಒಸಿ ಅನುಮಾನ ಐತೆ."

"ಅದನ್ನ ಈಗ ಹೇಳ್ತಿದ್ದೀಯಾ?!"

"ನೆನ್ನೇನೇ ಬರ್ದಿದ್ದೀನಿ. ನೀವು ಸಹಿ ಹಾಕಿದ್ದೀರಲ್ಲ..."

ಅವನು ಪುಸ್ತಕ ಕಿತ್ತುಕೊಂಡ. ಅನುಮಾನದ ಸಾಲು ಅಲ್ಲೇ ಇತ್ತು. ಅದರ ಕೆಳಗೆ ಅವನ ಸಹಿ.

"ಓದ್ಲೇ ಇಲ್ವಾ ಸಾರ್?"

ಅವನು ಪುಸ್ತಕದ ಸಮೇತ ಹೊರಟುಹೋದ.

ಅವಳ ಕಣ್ಣು ತುಂಬಿತು. ಅವನ ಸಿಟ್ಟಿಗಲ್ಲ... 'ಹಾಗಾದರೆ ಮೂರು ತಿಂಗಳು ನಾನು ಯಾರಿಗೆ ಬರೆದೆ?'

ಸಂಜೆ ಸಾತನೂರು ಬಸ್ಸಿಗೆ ಕಾಯುತ್ತಿದ್ದಾಗ ಅವನು ಓಡಿಬಂದ. ಮಾಸ್ಕ್ ಇರಲಿಲ್ಲ.

"ವರದಿ ನಿಲ್ಲಿಸಿದೆ. ತಪ್ಪು ನನ್ನದು ಅಂತ ಬರೆದುಕೊಟ್ಟೆ."

ಅವಳು ಮುಖ ತಿರುಗಿಸಿದಳು.

"ಪುಸ್ತಕ ಮೊದಲಿಂದ ಓದಿದೆ. 'ಏಳನೇ ಮರಿ ಹಾಲು ಕುಡಿಯಲಿಲ್ಲ, ಅಂಗೈಲಿ ಬೆಚ್ಚಗಿಟ್ಟೆ...' ಇದನ್ನೂ ಓದದೆ ಸಹಿ ಹಾಕಿದೆನಲ್ಲ!"

"ಬರೀ ಇಲಿ ಸಮಾಚಾರ ಬುಡಿ ಸಾರ್."

"ಅಲ್ಲ, ನಿಮ್ಮ ಸಮಾಚಾರ. ಇನ್ಮೇಲೆ ನೀವು ಬರೆದದ್ದೆಲ್ಲ ಓದ್ಬೇಕು, ರಾಧಾಮಣಿ. ಜೀವನಪೂರ್ತಿ."

'ನೀವು' ಅಂದ! ಬಸ್ಸು ಬಂತು, ಹೋಯಿತು. ಅವಳು ಹತ್ತಲಿಲ್ಲ.

"ಓದ್ದೆ ಸಹಿ ಹಾಕಿದ್ರೆ ಮೂಗಿಗೆ ಕೆಂಪಿಂಕು ಹಚ್ಬುಡ್ತೀನಿ!"

"ಹಚ್ಚಿ... ಅಳಿಸಲ್ಲ."

ವೈರಸ್ ನಿಜವಾಗಿ ಎರಡೇ ದಿನದಲ್ಲಿ ಮಿದುಳು ಸೇರಿತ್ತೋ, ಗುರುತೇ ಅದಲುಬದಲಾಗಿತ್ತೋ... ನನಗೆ ಗೊತ್ತಿಲ್ಲ. ಅವರಿಬ್ಬರಿಗೂ ಇನ್ನೂ ಗೊತ್ತಾಗಿಲ್ಲ.