ಕೇಳದೆ ಇಳಿಸಿದ ಶ್ರುತಿ

ರಿಹರ್ಸಲ್ ಹಾಲ್‌ನ ಬಾಗಿಲು ತಳ್ಳಿದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಪಿಯಾನೊ ಮುಂದೆ ಅವನು!

ಇನ್ನೆಂದೂ ಮುಖ ನೋಡುವುದಿಲ್ಲ ಎಂದು ಆರು ವರ್ಷದ ಹಿಂದೆ ಅವಳು ಬಿಟ್ಟುಬಂದವನು...

"ಇವನನ್ನ ಯಾರು ಕರೆಸಿದ್ದು?" ಅವಳು ತಂಡಕ್ಕೆ ಡ್ರಮ್ಸ್ ಬಾರಿಸುವ ತಾತನ ಮೇಲೆ ಹರಿಹಾಯ್ದಳು.

"ನಾನೇ ಕಣಮ್ಮ. ಆಪರೇಷನ್ ಆದ ಗಂಟಲು ನಿಂದು. ನಾಳೆ ಸ್ಟೇಜ್ ಮೇಲೆ ಹಾಡ್ಬೇಕು. ನಿನ್ನ ಉಸಿರು ಗೊತ್ತಿರೋನು ಇವನೊಬ್ಬನೇ. ಬೈಯೋದಿದ್ರೆ ಆಮೇಲೆ ಬೈ, ನಾನೆಲ್ಲೂ ಓಡಿಹೋಗಲ್ಲ."

ಸುತ್ತಲ ಹತ್ತೂರಿನಲ್ಲಿ ಸೋಲ್, ಜಾಝ್‌ನಂಥ ಪಾಶ್ಚಾತ್ಯ ಹಾಡುಗಾರಿಕೆ ಎಂದರೆ ಒಂದು ಕಾಲಕ್ಕೆ ಅವಳೇ. ಗಂಟಲಿನ ಗಂಟು ತೆಗೆಸಿಕೊಂಡು ವರ್ಷವಿಡೀ ಬಾಯಿ ಮುಚ್ಚಿ ಕೂತವಳನ್ನು, ನಾಳೆ ಎಡವಿದರೆ ಮತ್ತೆ ಯಾರೂ ಕರೆಯುವಂತಿರಲಿಲ್ಲ.

ಆರು ವರ್ಷದ ಹಿಂದೆ, ಮೊದಲ ಆಲ್ಬಂ ರೆಕಾರ್ಡಿಂಗ್ ದಿನ ಅವನು ಅವಳನ್ನು ಕೇಳದೆ ಹಾಡಿನ ಶ್ರುತಿ ಇಳಿಸಿ ನುಡಿಸಿದ್ದ. ಅಯ್ಯೋ, ಇಷ್ಟೇನಾ ಎನ್ನಬಹುದು. ಹಾಡುವವಳಿಗೆ ಅದು ಸಣ್ಣದಲ್ಲ. 'ನನ್ನ ಧ್ವನಿ ಮುಗೀತು ಅಂತ ಎಲ್ಲರೆದುರು ಸಾರಿಬಿಟ್ಟನಲ್ಲ!' ತಮ್ಮಿಬ್ಬರ ಮದುವೆಗೆ ತಿಂಗಳಿದ್ದಾಗ ಅವಳು ಎದ್ದು ಬಂದಿದ್ದಳು.

"ಹಳೇ ಶ್ರುತಿಲೇ ನುಡಿಸು. ಕೂದಲೆಳೆಯಷ್ಟೂ ಇಳಿಸಬೇಡ," ಅವಳು ಮೈಕ್ ಮುಂದೆ ಬಂದು ಅವನಿಗೆ ಹೇಳಿದಳು.

ಅವನು ಅದೇ ಶ್ರುತಿಯಲ್ಲಿ ನುಡಿಸಿದ. ಹಾಡು ಏರಿತು... ಮೇಲಿನ ಸ್ವರದಲ್ಲಿ ಗಂಟಲು ಒಡೆದು ಬರೀ ಗಾಳಿ ಬಂತು.

ಅವಳು ಕುಸಿದು ಕೂತಳು. 'ಮುಗೀತು... ಎಲ್ಲ ಮುಗೀತು.'

ಅವನು ಬಂದು ಪಕ್ಕದಲ್ಲೇ ನೆಲದ ಮೇಲೆ ಕೂತ.

"ಆ ರೆಕಾರ್ಡಿಂಗ್ ಹಿಂದಿನ ದಿನ ನೀನು ನಲ್ಲಿ ಬಿಟ್ಕೊಂಡು ಕೆಮ್ತಿದ್ದೆ. ಬೇಸಿನ್‌ನಲ್ಲಿ ರಕ್ತ ನೋಡಿದೆ. ಜೀವ ಹೋದಂಗಾಯ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಹಠಕ್ಕೆ ಬಿದ್ದು ಇನ್ನೂ ಏರಿಸ್ತಿದ್ದೆ..." ಅವನು ತಲೆ ತಗ್ಗಿಸಿದ. "ಆದ್ರೂ ಕೇಳಬೇಕಿತ್ತು. ಧ್ವನಿ ನಿಂದು. ತಪ್ಪು ನಂದೇ ಕಣೇ."

ಅವಳಿಗೆ ಅಳು ಒತ್ತರಿಸಿ ಬಂತು.

"ಕತ್ತೆ! ಆರು ವರ್ಷ ನಿನಗೆ ಶಾಪ ಹಾಕಿದೀನಿ. ಒಂದು ದಿನಾನೂ ಮರೀಲಿಲ್ಲ."

ತಾತ ಗಂಟಲು ಸರಿಮಾಡಿಕೊಂಡ. "ನಾನು ಟೀ ಕುಡ್ಕೊಂಡು ಬರ್ತೀನಪ್ಪಾ..."

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಇಳಿಸು. ಈಗ ನಾನು ಹೇಳ್ತಿದೀನಿ."

ಅವನು ಇಳಿಸಿದ. ತಗ್ಗಿನಲ್ಲಿ ಬಂದ ಧ್ವನಿ ಒರಟಾಗಿತ್ತು, ಆಳವಾಗಿತ್ತು. ಅವಳಿಗೇ ಗೊತ್ತಿರದ ಧ್ವನಿ! ಕೊನೆಯ ಸಾಲು ಒಂದೆಡೆಯೂ ಒಡೆಯದೆ ನಿಂತಿತು. ಅವನ ಕೆನ್ನೆ ಒದ್ದೆಯಾಗಿತ್ತು.

"ನಾಳೆ ಮುಗಿದ್ಮೇಲೆ ಹೋಗ್ಬಿಡ್ತೀಯಾ?" ಅವಳು ಮೆಲ್ಲಗೆ ಕೇಳಿದಳು.

"ನೀನು ಹೋಗು ಅಂದ್ರೆ..."

"ಅನ್ನಲ್ಲ," ಅವಳು ಅವನ ಕೈಮೇಲೆ ಕೈಯಿಟ್ಟಳು. "ಸಾಯೋವರೆಗೂ ಅನ್ನಲ್ಲ."