ಐದು ನಲವತ್ತಕ್ಕೆ ಹುಟ್ಟಿದವಳು

ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದಿಳಿದ ಮೇಧಾ ಭದ್ರಾವತಿಯ ಪುನೀತನ ಬೈಂಡಿಂಗ್ ಅಂಗಡಿಯಲ್ಲಿ ಬ್ಯಾಗಿನಿಂದ ಥೀಸಿಸ್ ತೆಗೆಯಲಿಲ್ಲ. ಅಂಚು ಹರಿದ ಆಸ್ಪತ್ರೆ ಕಾರ್ಡೊಂದನ್ನು ಟೇಬಲ್ಲಿನ ಮೇಲಿಟ್ಟಳು.

"ಓದು."

ಅವನ ಬೆರಳಿಗೆ ಅಂಟು ಮೆತ್ತಿತ್ತು. ಮುಟ್ಟದೆ ಬಗ್ಗಿ ಓದಿದ. ಹೆಣ್ಣು ಮಗು. ತೂಕ ಎರಡು ಕೆ.ಜಿ. ಎಂಟುನೂರು ಗ್ರಾಂ. ಬೆಳಗ್ಗೆ 5.40.

"ನೀನು ಅಷ್ಟು ಬೇಗ ಎದ್ದಿದ್ದು ಅದೊಂದೇ ದಿನ ಇರ್ಬೇಕು," ಎಂದು ಕಣ್ಣಲ್ಲೇ ನಕ್ಕ.

ಅವಳು ನಗಲಿಲ್ಲ. "ಜಾತಕದಲ್ಲಿ ಮಧ್ಯಾಹ್ನ ಎರಡು ಗಂಟೆ ಅಂತಿದೆ. ಎರಡು ಗಂಟೆಗೆ ಪೂರ್ವಾಷಾಢ. ಐದು ನಲವತ್ತಕ್ಕೆ ಮೂಲಾ. ಅಜ್ಜಿ ಬದಲಾಯಿಸಿ ಬರೆಸಿದ್ದಂತೆ. ಈ ಕಾರ್ಡು ಹೋದ ವಾರ ಬೀರು ಹುಡುಕುವಾಗ ಸಿಕ್ತು."

ಪುನೀತನ ನಗು ಆರಿತು. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗುವುದಿಲ್ಲ ಎಂಬ ನಂಬಿಕೆ ಅವನ ಮನೆಯಲ್ಲಿ ಗಟ್ಟಿ. ಅಪ್ಪ ಕರಿಯಣ್ಣನ ಹೃದಯಕ್ಕೆ ಸ್ಟೆಂಟ್ ಹಾಕಿ ಎರಡು ತಿಂಗಳಾಗಿತ್ತು. ಅವರಿಬ್ಬರ ನಿಶ್ಚಿತಾರ್ಥ ನಾಳೆ.

"ನನಗೇನೂ ಇಲ್ಲ ಮಾರಾಯ್ತಿ. ಅಪ್ಪನಿಗೆ ಮಾತ್ರ ಹೇಳ್ಬೇಡ. ಇಪ್ಪತ್ತಾರು ವರ್ಷ ಪೂರ್ವಾಷಾಢ ಆಗಿದ್ದೆಯಲ್ಲ, ಹಾಗೇ ಇದ್ಬಿಡು."

ಆ ಮಾತು ಅವಳಿಗೆ ಚುಚ್ಚಿತು. ಚಿಕ್ಕಂದಿನಲ್ಲಿ ಊಟ ಬಿಟ್ಟು ಕೂತರೆ 'ಪೂರ್ವಾಷಾಢದ ಹಠ' ಎನ್ನುತ್ತಿದ್ದರು. ಅತ್ತರೂ, ಗೆದ್ದರೂ, ಎದುರು ಮಾತಾಡಿದರೂ ಅದೇ ನಕ್ಷತ್ರ. ಎರಡು ವರ್ಷದ ಹಿಂದೆ ಪುನೀತ ಅವಳ ಥೀಸಿಸ್ಸಿನ ಮೊದಲ ಅಧ್ಯಾಯವನ್ನು ತಲೆಕೆಳಗಾಗಿ ಹೊಲಿದಾಗ, ಇದೇ ಅಂಗಡಿಯ ಸ್ಟೂಲಿನ ಮೇಲೆ ಕೂತು ಬಿಚ್ಚಿಸಿ ಮತ್ತೆ ಹೊಲಿಸಿದ್ದಳು. ತಾನು ಸೋತದ್ದು ಆ ಹಠಕ್ಕೇ ಎಂದು ಅವನು ಹೇಳುತ್ತಿದ್ದ. ಕಾದಂಬರಿಗಳ ಯುವತಿಯರು ತಾವು ಯಾರೆಂದು ಹೇಗೆ ಕಂಡುಕೊಳ್ಳುತ್ತಾರೆ ಎಂದು ನಾಲ್ಕು ವರ್ಷ ಸಂಶೋಧನೆ ಮಾಡಿದವಳಿಗೆ, ಈಗ ಆ ಹಠ ಯಾರದೆಂದೇ ತಿಳಿಯದು.

"ನೀನು ಮದುವೆ ಆಗ್ತಿರೋದು ಯಾರನ್ನ?"

ಅವನು ಉತ್ತರಿಸುವ ಮೊದಲೇ ಕರಿಯಣ್ಣ ಬಾಗಿಲಲ್ಲಿದ್ದರು. "ಬಂದ್ಯೇನಮ್ಮ? ನಡೀರಿ, ದೇವಸ್ಥಾನಕ್ಕೆ ಹೋಗ್ಬರೋಣ. ಇಬ್ಬರ ಹೆಸರಲ್ಲೂ ಒಂದು ಅರ್ಚನೆ ಆಗ್ಲಿ."

ಅವಳು ಕಾರ್ಡನ್ನು ಮುಷ್ಟಿಯಲ್ಲಿ ಹಿಡಿದೇ ಹೊರಟಳು.

ಗರ್ಭಗುಡಿಯ ಮುಂದೆ ಅರ್ಚಕರು ಪುನೀತನ ಹೆಸರು, ನಕ್ಷತ್ರ ಕೇಳಿಕೊಂಡು ಅವಳತ್ತ ತಿರುಗಿದರು.

"ಹೆಸರು?"

"ಮೇಧಾ."

"ನಕ್ಷತ್ರ?"

ತಾವೇ ಹೇಳಲು ಕರಿಯಣ್ಣ ಬಾಯಿ ತೆರೆದರು. ಪುನೀತ ಅವಳನ್ನೇ ನೋಡುತ್ತಿದ್ದ. ಬೇಡ ಎಂದು ಅವನ ಹುಬ್ಬು ಸಣ್ಣಗೆ ಅಲ್ಲಾಡಿತು. ಆ ಹುಬ್ಬಿನ ಮಾತು ಅವಳಿಗೆ ಯಾವಾಗಲೂ ಅರ್ಥವಾಗುತ್ತಿತ್ತು. ಅದನ್ನು ಮೀರಿದ್ದು ಇದೇ ಮೊದಲು.

"ಮೂಲಾ."

ಅರ್ಚನೆ ಮುಗಿಯಿತು. ಹೊರಗಿನ ಕಟ್ಟೆಯ ಮೇಲೆ ಅವಳು ಕಾರ್ಡು ಕೊಟ್ಟಳು. ಕರಿಯಣ್ಣ ಕನ್ನಡಕ ಏರಿಸಿ ಎರಡು ಸಲ ಓದಿದರು.

"ನಿನಗೆ ಗೊತ್ತಿತ್ತೇನೋ, ಪುನೀತ?"

"ಈಗಷ್ಟೇ ಗೊತ್ತಾಯ್ತು. ಮುಚ್ಚಿಡು ಅಂದೋನು ನಾನೇ. ತಪ್ಪಾಯ್ತು." ಅಪ್ಪನ ಬದಿಯಿಂದ ಎದ್ದು ಬಂದು ಅವಳ ಪಕ್ಕ ನಿಂತ. "ನೀನು ಬೇಡ ಅಂದ್ರೆ ಕಾಯ್ತೀನಪ್ಪ. ಬೇರೆ ಹುಡುಗಿ ನೋಡಲ್ಲ."

ಕರಿಯಣ್ಣ ಎದೆ ಸವರಿಕೊಂಡರು.

"ನನಗೆ ಹೆದರಿಕೆ ಇದೆ ಕಣಮ್ಮ. ಸುಳ್ಳು ಹೇಳಲ್ಲ." ಕಾರ್ಡನ್ನು ಅವಳ ಕೈಗೆ ಹಿಂದಿರುಗಿಸಿದರು. "ನಾಳೆ ಬರ್ತೀವಿ ಅಂತ ನಿಮ್ಮಪ್ಪನಿಗೆ ಹೇಳು. ಶಾಂತಿ ಮಾಡ್ಸೋದಾದ್ರೆ ನನ್ನ ಹೆಸರಲ್ಲಿ ಮಾಡ್ಸಿ. ಹೆದರಿರೋನು ನಾನು. ನಿನಗ್ಯಾಕೆ ಶಾಂತಿ?"

ಕಾಯಿ ಹೋಳು ಎತ್ತಿಕೊಂಡು ಆಟೋ ಕಡೆಗೆ ನಡೆದರು.

ಪುನೀತ ಪಿಸುಗುಟ್ಟಿದ: "ಹಾಗಾದ್ರೆ ಈ ಹಠ ಯಾವ ನಕ್ಷತ್ರದ್ದು?"

ಮೇಧಾ ಅವನ ಕೈ ಹಿಡಿದು, ಬೆರಳಿನ ಮೇಲೆ ಒಣಗಿದ್ದ ಅಂಟನ್ನು ಉಗುರಿನಿಂದ ಕೆರೆದಳು.

"ನಂದು."