ಎದುರುಬದುರು ಕೂತವರ ಕಲ್ಲು

"ಕಲ್ಲುಕ್ವಾರಿಯವರು ಮಧ್ಯಾಹ್ನ ಮದ್ದು ಸಿಡಿಸ್ತಾರಂತೆ. ಅಷ್ಟರೊಳಗೆ ಆ ಎರಡು ಗುಪ್ಪೆ ತಂದುಬಿಡಿ."

ಶಾರದಾ ಮೇಡಂ ಫೋನಿಟ್ಟಿದ್ದೇ ತಡ, ಅವರ ಶಿಷ್ಯೆ ಧಾರಿಣಿ ದೆಹಲಿಯ ಹೌಜ್ ಖಾಸ್‌ನಿಂದ ಗೆಳೆಯ ಶ್ರೇಯಸ್‌ನ ಕಾರಿನಲ್ಲಿ ಹೊರಟೇಬಿಟ್ಟಳು. ಕೆಂಪು ದೀಪ ಕಂಡಲ್ಲೆಲ್ಲ ಅವಳಿಗೆ ಮೈ ಉರಿ.

ಗುಡಗಾಂವ್ ದಾಟಿದರೆ ಅರಾವಳಿ ಗುಡ್ಡಸಾಲು. ಎತ್ತ ನೋಡಿದರೂ ಕೀಕರ್ ಜಾಲಿಯ ಮುಳ್ಳು, ಬೋಳು ಬಂಡೆ, ನಡುವೆ ಕ್ವಾರಿಯವರು ಬಗೆದ ಹೊಂಡ. ಅದರ ಅಂಚಿನಲ್ಲೇ ಸಾವಿರಾರು ವರ್ಷಗಳ ಹಿಂದೆ ಬೇಟೆಗಾರರು ಬೆಣಚುಕಲ್ಲು ಕೆತ್ತಿ ಉದುರಿಸಿದ ಚೂರುಗಳ ಎರಡು ಗುಪ್ಪೆಗಳಿದ್ದವು, ಎಡಕ್ಕೊಂದು ಬಲಕ್ಕೊಂದು. ಅವರು ಒಬ್ಬೊಬ್ಬರೇ ಬಂದುಹೋದರೋ, ಜೊತೆಯಾಗಿ ಕೂತರೋ? ಈ ಗುಪ್ಪೆಯ ಚೂರು ಆ ಗುಪ್ಪೆಯ ಕಲ್ಲಿಗೆ ಕೂಡಿದರೆ ಜೊತೆಯಾಗಿ ಕೂತಿದ್ದರೆಂಬ ಉತ್ತರ ಸಿಕ್ಕಂತೆ. ಧಾರಿಣಿಯ ನಾಲ್ಕು ವರ್ಷದ ಸಂಶೋಧನೆ ಅದರ ಮೇಲೇ ನಿಂತಿತ್ತು.

ಏರುವಾಗ ಜಲ್ಲಿ ಜಾರಿತು.

"ಬಲಕ್ಕೆ ಹಿಡ್ಕೊಳೋ, ಬಲಕ್ಕೆ!"

ಶ್ರೇಯಸ್ ಮುಳ್ಳನ್ನೇ ಹಿಡಿದು ಬಚಾವಾದ. ಮೇಲೆ ತಲುಪಿ ಧಾರಿಣಿ ಅಳತೆಯ ದಾರ ಬಿಚ್ಚುವಷ್ಟರಲ್ಲಿ ಅವನು ಎರಡೂ ಗುಪ್ಪೆಗಳಿಂದ ಬಾಚಿ ಒಂದೇ ಚೀಲಕ್ಕೆ ಸುರಿದಿದ್ದ.

"ನೋಡು, ಎಷ್ಟು ಬೇಗ ಮುಗಿಸಿದೆ!"

"ಅಯ್ಯೋ ಕೋತಿ! ಯಾವುದು ಯಾರ ಮುಂದೆ ಬಿದ್ದಿತ್ತು ಅಂತ ಈಗ ಯಾರನ್ನ ಕೇಳ್ಲಿ?"

ಅವನ ಮುಖ ಸಪ್ಪಗಾಯಿತು. ಅವಳಿಗೆ ಅಳು ಬಂದಿತ್ತು, ಅಳಲು ಪುರುಸೊತ್ತಿರಲಿಲ್ಲ.

"ಹೋಗ್ಲಿ, ಅಡಿಯ ಪದರ ಮಣ್ಣಲ್ಲೇ ಇದೆ. ನೀನು ಮುಟ್ಟಬೇಡ. ನಾನು ಹೇಳಿದ ಜಾಗ ಪೊಟ್ಟಣದ ಮೇಲೆ ಬರಿ."

ಕೆದಕಿದಳು, ಅಳೆದಳು, ಕೂಗಿದಳು. ಅವನು ಬರೆದ.

ಸೀಟಿ ಕೂಗಿತು. ಹೊಂಡದಾಚೆಯಿಂದ ಕ್ವಾರಿಯವನೊಬ್ಬ ಕೆಂಪು ಬಟ್ಟೆ ಬೀಸಿ "ಭಾಗೋ!" ಎಂದು ಕಿರುಚಿದ.

"ಸಾಕು, ಬಾರೇ!"

"ಇದೊಂದು ತಡಿ!"

ಬಲಗುಪ್ಪೆಯ ಕೊನೆಯ ಕಲ್ಲು ಕಿತ್ತು ಬಂದದ್ದೇ ಇಬ್ಬರೂ ಬಿದ್ದಂಬೀಳ ಓಡಿದರು. ಬೆನ್ನ ಹಿಂದೆ ಗುಡ್ಡ ಗುಡುಗಿತು. ತಿರುಗಿ ನೋಡಿದರೆ ಅಂಚೇ ಇರಲಿಲ್ಲ.

ಸಂಜೆ ಮೇಡಂ ಮೇಜಿನ ಮೇಲೆ ಪೊಟ್ಟಣಗಳಿಂದ ಬಿಚ್ಚಿಟ್ಟ ಎಡದ ಚೂರುಗಳು ಎಡಕ್ಕೆ, ಬಲದವು ಬಲಕ್ಕೆ. ಧಾರಿಣಿ ನಿಂತೇ ಒಂದೊಂದನ್ನೂ ಹೊಂದಿಸಿ ನೋಡಿದಳು. ಯಾವುದೂ ಕೂಡಲಿಲ್ಲ. ಕಡೆಗೆ ಬಲದ ಆ ಕೊನೆಯ ಕಲ್ಲಿಗೆ ಎಡದ ಚೂರೊಂದು ಬಿರುಕೂ ಕಾಣದಂತೆ ಕೂತಿತು.

ಮೇಡಂ ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಎಡದವರು ಒಡೆದು ಬಲದವರಿಗೆ ಕೊಟ್ಟಿದಾರೆ."

"ಅಂದ್ರೆ ಮಾತಾಡ್ಕೊಂಡು ಕೂತಿದ್ರಾ?" ಶ್ರೇಯಸ್ ಮೆಲ್ಲಗೆ ಕೇಳಿದ.

"ಮಾತು ಸಿಗಲ್ಲ ಕಣೋ," ಎಂದಳು ಧಾರಿಣಿ. ಕಣ್ಣು ತುಂಬಿತ್ತು. "ಕೈಗೆ ಕೈ ಸಿಗೋ ಹಾಗೆ ಕೂತಿದ್ರು. ಅಷ್ಟು ಸಿಕ್ತು."

ಆ ಕಲ್ಲನ್ನು ಮೊದಲು ಅವನ ಕೈಗೇ ಕೊಟ್ಟಳು.